ಹಳೆ ಅಂಬಾಸಿಡರ್‌ಗೆ ಇಸುಜು ಎಂಜಿನ್, ಜೊತೆಗೆ ಎಸಿ: ರೇಡಿಯೇಟರ್ ಹೋಸ್‌ಗೆ ದಾರಿ ಬಿಡಿಸುವ ಕ್ರಮ

ಎಂಜಿನ್ ಕೂತಿದೆ, ಗೇರ್‌ಬಾಕ್ಸ್ ಸೇರಿದೆ, ಎಸಿಯವರು ಬಂದು ಕಂಪ್ರೆಸರ್ ಬಿಗಿದು ಪೈಪ್ ಎಳೆದು ಹೋಗಿದ್ದಾರೆ. ಕೊನೆಗೆ ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ನೀರು ಓಡಿಸುವ ಮೇಲಿನ, ಕೆಳಗಿನ ರೇಡಿಯೇಟರ್ ಹೋಸ್ ಹಾಕಲು ಹೊರಟರೆ ಕೈ ತೂರಿಸಲೂ ಜಾಗವಿಲ್ಲ. 1489 ಸಿಸಿಯ ಹಳೆ ಅಂಬಾಸಿಡರ್‌ಗೆ ಕಾಂಟೆಸ್ಸಾದ 1817 ಸಿಸಿ ಇಸುಜು ಎಂಜಿನ್ ಇಳಿಸುವವರು ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಎರಡೂ ಕಾರು ಮಾಡಿದ ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯೇ ಮುಂದೆ ಇದೇ ಎಂಜಿನ್ನನ್ನು ಅಂಬಾಸಿಡರ್‌ನಲ್ಲಿ ಕೊಟ್ಟಿದ್ದರಿಂದ ಎಂಜಿನ್ ಕೂರಿಸುವುದು ಹೊಸ ವಿಷಯವಲ್ಲ. ಹಳೆ ರೇಡಿಯೇಟರ್, ಹೊರಗಿನಿಂದ ತಂದ ಎಸಿ ಕಿಟ್, ಬೇರೆ ಗಾಡಿಯ ಎಂಜಿನ್ ಮೂರೂ ಒಂದೇ ಬಾನೆಟ್ಟಿನಡಿ ಸೇರಿದಾಗ ಹೋಸ್‌ಗೆ ಸಿದ್ಧ ದಾರಿ ಇರುವುದಿಲ್ಲ, ಅಷ್ಟೆ. ಪದ್ಮಿನಿಗೋ ಜೀಪಿಗೋ ಬೇರೆ ಎಂಜಿನ್ ಹಾಕುವವರಿಗೂ ಕೆಳಗಿನ ಕ್ರಮ ಹಾಗೆಯೇ ಅನ್ವಯಿಸುತ್ತದೆ.

ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಎಂಜಿನ್ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು, ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ಸೇರಬೇಕು. ಗಾಡಿ ಮಂಗಳೂರಿನ ಕೆಎ-19 ಇರಲಿ, ಉಡುಪಿಯ ಕೆಎ-20 ಇರಲಿ, ಆ ಕಾಗದ ಮೊದಲು ಕೈಗೆ ಬರಲಿ. ಎಂಜಿನ್ ಎಲ್ಲಿಂದ ಬಂತೆಂಬುದಕ್ಕೆ ಬಿಲ್ ಇಲ್ಲದಿದ್ದರೆ ಅಂಥ ಎಂಜಿನ್ ಕೊಳ್ಳಲೇಬೇಡಿ.

ನೀರಿಗೆ ಮೊದಲು ಜಾಗ, ಆಮೇಲೆ ಎಸಿಗೆ

ಈ ಲೇಖನದಲ್ಲಿ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ: ಕಂಪ್ರೆಸರ್ ಬ್ರಾಕೆಟ್ ವೆಲ್ಡ್ ಆಗುವ ಮೊದಲೇ ಎರಡೂ ಹೋಸ್‌ಗಳ ದಾರಿ ನಿರ್ಧಾರವಾಗಿರಬೇಕು.

ಎಸಿ ಪೈಪು ಹೆಬ್ಬೆರಳಿನಷ್ಟು ದಪ್ಪ. ಅದರ ತುದಿಯ ಫಿಟ್ಟಿಂಗ್ ನೇರ, 45 ಡಿಗ್ರಿ, 90 ಡಿಗ್ರಿ ಹೀಗೆ ಬೇಕಾದ ಹಾಗೆ ಸಿಗುತ್ತದೆ, ಬೇಕಾದ ದಿಕ್ಕಿಗೆ ತಿರುಗಿಸಿ ಕ್ರಿಂಪ್ ಮಾಡಬಹುದು, ಅಂದರೆ ಯಂತ್ರದಲ್ಲಿ ಹಿಸುಕಿ ಪೈಪಿಗೆ ಸೇರಿಸಬಹುದು. ನೀರಿನ ಹೋಸ್‌ಗೆ ಆ ಸಲುಗೆ ಇಲ್ಲ. 32 ಮಿ.ಮೀ. ಒಳಳತೆಯ ಹೋಸ್ ಹೊರಗೆ ಸುಮಾರು 42 ಮಿ.ಮೀ. ಜಾಗ ತಿನ್ನುತ್ತದೆ, 38ರದ್ದು 48. ಅಳತೆ ಮೀರಿ ಬಗ್ಗಿಸಿದರೆ ಮಡಚಿಕೊಳ್ಳುತ್ತದೆ. ಮೇಲಿನ ಹೋಸ್ ಎಂಜಿನ್‌ನಿಂದ ರೇಡಿಯೇಟರ್ ಕಡೆಗೆ ಏರುತ್ತಲೇ ಹೋಗಬೇಕು, ನಡುವೆ ಗೂನು ಬಂದರೆ ಅಲ್ಲಿ ಗಾಳಿ ಕೂರುತ್ತದೆ. ಹಟ ಮಾಡುವವನಿಗೆ ಮೊದಲು ಎಲೆ ಹಾಕಿ, ಹೊಂದಿಕೊಳ್ಳುವವನು ಆಮೇಲೆ ಕೂರಲಿ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಉಂಟು. ಇಲ್ಲಿ ಎಸಿಯ ಶ್ರಮದ ದೊಡ್ಡ ಪಾಲು ಗಾಳಿಯ ತೇವ ಇಳಿಸುವುದರಲ್ಲೇ ಹೋಗುತ್ತದೆ. ಆ ಶಾಖವೆಲ್ಲ ಮುಂದೆ ಕೂರುವ ಎಸಿಯ ಜಾಲರಿ, ಅಂದರೆ ಕಂಡೆನ್ಸರ್‌ನಲ್ಲಿ ಹೊರಬಿದ್ದು, ಹಿಂದೆ ನಿಂತಿರುವ ರೇಡಿಯೇಟರ್‌ಗೆ ಬಿಸಿ ಗಾಳಿಯಾಗಿ ಸಿಗುತ್ತದೆ. ಏಪ್ರಿಲ್ ಮಧ್ಯಾಹ್ನ ಮಂಗಳೂರಿನ ಪಂಪ್‌ವೆಲ್‌ನಲ್ಲೋ ಉಡುಪಿಯ ಕಲ್ಸಂಕದಲ್ಲೋ ಗಾಡಿ ನಿಂತಿದ್ದಾಗ ಹೋಸ್‌ನಲ್ಲಿ ಒಂದು ಸಣ್ಣ ಮಡಿಕೆಯಿದ್ದರೂ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗುತ್ತದೆ.

ಬೇಕಾಗುವ ಸಾಮಾನು

ಮೇಲಿನ ದಾರಿಗೂ ಕೆಳಗಿನ ದಾರಿಗೂ ಎರಡೆರಡು ರಬ್ಬರ್ ತುಂಡು, ನಡುವೆ ಒಂದೊಂದು ಲೋಹದ ಪೈಪು ಎಂದು ಲೆಕ್ಕ ಹಾಕಿದರೆ ಎಂಟು ಕ್ಲಿಪ್ ಬೇಕು. ಹೊರಗೆ 42 ಮಿ.ಮೀ. ಇರುವ ಹೋಸ್‌ಗೆ 32–50 ಅಳತೆಯ ಕ್ಲಿಪ್, 48 ಇರುವುದಕ್ಕೆ 40–60. ಹೀಟರ್ ಇದ್ದರೆ 16 ಮಿ.ಮೀ. ಹೋಸ್‌ಗೆ 16–27ರ ನಾಲ್ಕು ಕ್ಲಿಪ್. ಪ್ರತಿ ಅಳತೆಯಲ್ಲಿ ಎರಡು ಹೆಚ್ಚು ತನ್ನಿ. ಇದಲ್ಲದೆ ವರ್ನಿಯರ್ ಕ್ಯಾಲಿಪರ್, ಬೇಲಿಗೆ ಬಳಸುವ 8 ಗೇಜ್ ಜಿಐ ತಂತಿ ಎರಡು ಮೀಟರ್, 40 ಮತ್ತು 50 ಮಿ.ಮೀ. ಪಿವಿಸಿ ಪೈಪಿನ ತುಂಡುಗಳು ಮತ್ತು ಅವುಗಳ ಬೆಂಡ್, ಮಾಸ್ಕಿಂಗ್ ಟೇಪ್, ರಬ್ಬರ್ ಒಳಪಟ್ಟಿಯಿರುವ ನಾಲ್ಕಾರು ಪಿ-ಕ್ಲಾಂಪ್ (ಪೈಪನ್ನು ಸುತ್ತಿ ಹಿಡಿಯುವ ಪಟ್ಟಿ), ಐದು ಲೀಟರ್ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್.

ಮೊದಲ ಹೆಜ್ಜೆ: ಮೂತಿಗಳ ಅಳತೆ

ಎಂಜಿನ್ ಮೌಂಟಿಂಗ್ ಪೂರ್ತಿ ಬಿಗಿದು, ರೇಡಿಯೇಟರ್ ಮತ್ತು ಕಂಡೆನ್ಸರ್ ತಮ್ಮ ಜಾಗದಲ್ಲಿ ಬೋಲ್ಟ್ ಆದ ಮೇಲೆ ಮಾತ್ರ ಅಳತೆ ತೆಗೆಯಿರಿ. ಎರಡರ ನಡುವೆ 15 ಮಿ.ಮೀ. ಅಂತರ ಸಾಕು, ಆದರೆ ಸುತ್ತಲಿನ ಸಂದನ್ನು ಫೋಮ್ ಪಟ್ಟಿಯಿಂದ ಮುಚ್ಚಬೇಕು. ಮುಚ್ಚದಿದ್ದರೆ ಗಾಳಿ ರೇಡಿಯೇಟರ್ ಜಾಲರಿ, ಅಂದರೆ ಕೋರ್ ಬಿಟ್ಟು ಪಕ್ಕದಿಂದ ಜಾರುತ್ತದೆ.

ಥರ್ಮೋಸ್ಟಾಟ್ (ಎಂಜಿನ್ ಕಾದ ಮೇಲೆ ನೀರಿಗೆ ದಾರಿ ಬಿಡುವ ವಾಲ್ವ್) ಎಲ್ಬೋ, ವಾಟರ್ ಪಂಪ್, ರೇಡಿಯೇಟರ್‌ನ ಮೇಲಿನ ಮೂತಿ, ಕೆಳಗಿನ ಮೂತಿ, ಈ ನಾಲ್ಕರ ಹೊರ ವ್ಯಾಸವನ್ನು ತುದಿಯ ಏಣಿನ (ಹೋಸ್ ಜಾರದಂತಿರುವ ಉಬ್ಬುಗೆರೆಯ) ಮೇಲಲ್ಲ, ಅದರ ಹಿಂದಿನ ಸಪಾಟು ಭಾಗದಲ್ಲಿ ಅಳೆದು ಬರೆದುಕೊಳ್ಳಿ. ಎಂಜಿನ್ ಒಂದು ಗಾಡಿಯದು, ರೇಡಿಯೇಟರ್ ಇನ್ನೊಂದರದು ಆದ್ದರಿಂದ ನಾಲ್ಕೂ ಒಂದೇ ಇರುತ್ತವೆಂದು ಊಹಿಸಬೇಡಿ. ಮೂತಿಗಿಂತ ಹೋಸ್ ಒಂದು ಮಿ.ಮೀ. ದೊಡ್ಡದಾದರೂ ಕ್ಲಿಪ್ ಬಿಗಿದು ಸರಿಮಾಡಲು ಹೋಗಬಾರದು. ಹಾಗೆ ಬಿಗಿದಾಗ ರಬ್ಬರ್ ಒಂದು ಕಡೆ ನೆರಿಗೆ ಬೀಳುತ್ತದೆ, ನೀರು ಜಿನುಗುವುದು ಆ ನೆರಿಗೆಯಿಂದಲೇ. ಅಳತೆ ಬೇರೆಯಾದರೆ ಆ ವ್ಯತ್ಯಾಸವನ್ನು ನಡುವಿನ ಲೋಹದ ಪೈಪಿನಲ್ಲಿ ತೀರಿಸಬೇಕು, ರಬ್ಬರಿನಲ್ಲಲ್ಲ.

ಅಡ್ಡ ಕೂರುವ ಎಂಜಿನ್ನನ್ನು ಉದ್ದಕ್ಕೆ ತಿರುಗಿಸಿ ಹಾಕುವವರು ಇನ್ನೊಂದು ನೋಡಬೇಕು. ಅಂಥ ಎಂಜಿನ್‌ಗಳಲ್ಲಿ ನೀರಿನ ಮೂತಿ ಕೆಲವೊಮ್ಮೆ ಗೇರ್‌ಬಾಕ್ಸ್ ಬದಿಗಿರುತ್ತದೆ, ತಿರುಗಿಸಿದಾಗ ಅದು ಎಂಜಿನ್ ಹಿಂದಿನ ಗೋಡೆ, ಅಂದರೆ ಫೈರ್‌ವಾಲ್‌ಗೆ ಮುಖ ಮಾಡುತ್ತದೆ. ಆಗ ಎಂಜಿನ್ನಿನ ಉದ್ದಕ್ಕೂ ಲೋಹದ ಪೈಪು ಹಾಯಿಸದೆ ಬೇರೆ ದಾರಿಯಿಲ್ಲ.

ಎರಡನೆಯದು: ಸುಳ್ಳು ಹೋಸ್

ಇಡೀ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೆ. ಜಿಐ ತಂತಿಯ ಒಂದು ತುದಿಯನ್ನು ಎಂಜಿನ್ ಮೂತಿಯ ನಟ್ಟನಡುವೆ ಹಿಡಿದು, ಕೈಯಿಂದ ಬಗ್ಗಿಸುತ್ತ ರೇಡಿಯೇಟರ್ ಮೂತಿಯ ನಡುವಿಗೆ ತನ್ನಿ. ಅದು ಹೋಸ್‌ನ ನಡುಗೆರೆ. ಮೂತಿಯಿಂದ ಹೊರಬಂದ ಕೂಡಲೇ ತಿರುಗಬಾರದು. ಮೊದಲ 40 ಮಿ.ಮೀ. ನೇರ ಇರಲಿ, ಇಲ್ಲದಿದ್ದರೆ ಕ್ಲಿಪ್ ಸಪಾಟಾಗಿ ಕೂರುವುದಿಲ್ಲ.

ತಂತಿ ಹಾದಿ ತೋರಿಸುತ್ತದೆ, ದಪ್ಪ ತೋರಿಸುವುದಿಲ್ಲ. ಅದಕ್ಕೇ ಪಿವಿಸಿ. ನಮ್ಮಲ್ಲಿ ಪಿವಿಸಿ ಪೈಪಿನ ಅಳತೆ ಹೇಳುವುದು ಹೊರ ವ್ಯಾಸದಲ್ಲಿ. ಹಾಗಾಗಿ 40ರ ಪೈಪು ಎಂದರೆ ಹೆಚ್ಚುಕಡಿಮೆ 32ರ ರಬ್ಬರ್ ಹೋಸ್‌ನ ಮೈಗಾತ್ರ, 50ರದ್ದೆಂದರೆ 38ರ ಹೋಸ್. ತಂತಿಯ ಬಾಗು ನೋಡಿಕೊಂಡು ಪಿವಿಸಿ ತುಂಡು, ಬೆಂಡ್‌ಗಳನ್ನು ಕತ್ತರಿಸಿ ಟೇಪ್ ಸುತ್ತಿ ಜೋಡಿಸಿ, ಹೋಸ್ ಇರಬೇಕಾದ ಜಾಗದಲ್ಲಿ ಕಟ್ಟಿ ನಿಲ್ಲಿಸಿ. ಬೆಂಡ್‌ನ ಸಾಕೆಟ್ ತುದಿ ಸ್ವಲ್ಪ ದಪ್ಪ, ಅಷ್ಟು ಲೆಕ್ಕದಲ್ಲಿರಲಿ. ಈಗ ಕಂಪ್ರೆಸರ್ ತಂದು ಹಿಡಿದು ನೋಡಿ. ಎರಡು ಗಂಟೆಯ ಈ ಆಟ ಎರಡು ವಾರದ ತಲೆನೋವು ಉಳಿಸುತ್ತದೆ.

ಸುಳ್ಳು ಹೋಸ್ ಕಟ್ಟಿಕೊಂಡೇ ಈ ಅಂತರಗಳನ್ನು ಪರೀಕ್ಷಿಸಿ. ಬೆಲ್ಟ್ ಮತ್ತು ಪುಲ್ಲಿಯಿಂದ 25 ಮಿ.ಮೀ.; ಬೆಲ್ಟ್ ಓಡುವಾಗ ಸಡಿಲ ಬದಿ ಚಾಟಿಯಂತೆ ಬಡಿಯುತ್ತದೆ, ನಿಂತಾಗ ಕಾಣುವ ಜಾಗವನ್ನು ನಂಬಬಾರದು. ಸೈಲೆನ್ಸರ್ ಮ್ಯಾನಿಫೋಲ್ಡ್‌ನಿಂದ 75 ಮಿ.ಮೀ., ಅಷ್ಟು ಸಿಗದಿದ್ದರೆ ನಡುವೆ ತಗಡಿನ ಮರೆ. ಕಂಪ್ರೆಸರ್‌ನಿಂದ ಕಂಡೆನ್ಸರ್‌ಗೆ ಹೋಗುವ ಡಿಸ್ಚಾರ್ಜ್ ಪೈಪ್ ಕೈ ಸುಡುವಷ್ಟು ಕಾಯುತ್ತದೆ, ಅದರಿಂದ 20 ಮಿ.ಮೀ. ದೂರ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಒಂದು ಬದಿಗೆ ವಾಲುತ್ತದೆ, ಹಳೆ ಮೌಂಟಿಂಗ್ ರಬ್ಬರ್ ಆದರೆ ಇನ್ನೂ ಹೆಚ್ಚು. ಸನ್ನೆಕೋಲು ಹಾಕಿ ಎಂಜಿನ್ನನ್ನು ಎರಡೂ ಬದಿಗೆ ಒತ್ತಿ ನೋಡಿ, ಎಲ್ಲೂ ತಾಗಬಾರದು.

ಬಾನೆಟ್‌ಗೆ ತಾಗುತ್ತದೆಯೇ ಎಂದು ತಿಳಿಯಲು ಚಪಾತಿ ಹಿಟ್ಟು ಸಾಕು. ನಿಂಬೆಗಾತ್ರದ ಉಂಡೆಯನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹೋಸ್‌ನ ಅತಿ ಎತ್ತರದ ಜಾಗದಲ್ಲಿಡಿ, ಬಾನೆಟ್ ಮುಚ್ಚಿ ಲಾಕ್ ಮಾಡಿ, ತೆರೆದು ಅಪ್ಪಚ್ಚಿಯಾದ ಹಿಟ್ಟಿನ ದಪ್ಪ ಅಳೆಯಿರಿ. 15 ಮಿ.ಮೀ.ಗಿಂತ ಕಡಿಮೆ ಇದ್ದರೆ ದಾರಿ ಬದಲಿಸಿ.

ಮೂರನೆಯದು: ಕಂಪ್ರೆಸರ್ ಎಲ್ಲಿ, ಹೇಗೆ

ಎಸಿ ಕೆಲಸದವರೊಡನೆ ಈ ಹೊತ್ತಿಗೆ ಮಾತಾಡಿ, ಬ್ರಾಕೆಟ್ ಆದ ಮೇಲಲ್ಲ. "ಅಣ್ಣ, ಈ ಪಿವಿಸಿಯನ್ನು ಮುಟ್ಟದ ಹಾಗೆ ಬ್ರಾಕೆಟ್ ಮಾಡಿ ಕೊಡಿ" ಎಂದರೆ ಅವರಿಗೂ ಕೆಲಸ ಸುಲಭ. ಸ್ಯಾಂಡನ್ ಎಸ್‌ಡಿ ಮಾದರಿಯ ಕಂಪ್ರೆಸರ್ ಆದರೆ ಅದನ್ನು ನೆಟ್ಟಗೆ ಮಾತ್ರ ಕೂರಿಸಬೇಕೆಂದಿಲ್ಲ, ಎರಡೂ ಬದಿಗೆ 90 ಡಿಗ್ರಿವರೆಗೆ ಮಲಗಿಸಬಹುದು. ಬಹಳ ಸಲ ಕಂಪ್ರೆಸರ್ ಜಾಗ ಬದಲಿಸದೆ, ಬರೇ ತಿರುಗಿಸಿದರೆ ಅದರ ಪೈಪ್ ಬಾಯಿಗಳು ಹೋಸ್ ದಾರಿಯಿಂದ ಸರಿದು ನಿಲ್ಲುತ್ತವೆ. ಬ್ರಾಕೆಟ್ ಎಂಜಿನ್ ಮೇಲೆಯೇ ನಿಲ್ಲಬೇಕು, ಕಾರಿನ ಬಾಡಿಯ ಮೇಲೆ ಬಿಗಿದರೆ ಬೆಲ್ಟ್ ಉಳಿಯುವುದಿಲ್ಲ.

ಎಸಿ ಪೈಪ್ ಕ್ರಿಂಪ್ ಮಾಡುವ ಮುಂಚೆ ಎರಡೂ ತುದಿಯ ಫಿಟ್ಟಿಂಗ್ ಹಾಕಿ ಜಾಗದಲ್ಲಿ ಕೂರಿಸಿ, ಪೈಪ್ ಮತ್ತು ಫಿಟ್ಟಿಂಗ್ ಎರಡರ ಮೇಲೂ ಹಾಯುವಂತೆ ಬಿಳಿ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಕ್ರಿಂಪ್ ಯಂತ್ರದಲ್ಲಿ ಆ ಗೆರೆ ಕೂಡಿದ್ದರೆ ಪೈಪ್ ತಿರುಚಿಕೊಳ್ಳುವುದಿಲ್ಲ. ಈ ದಿನಗಳುದ್ದಕ್ಕೂ ಕಂಪ್ರೆಸರ್, ಕಂಡೆನ್ಸರ್, ತೇವ ಹೀರುವ ಡ್ರೈಯರ್‌ಗಳ ಬಾಯಿಯ ಮುಚ್ಚಳ ತೆಗೆಯಬೇಡಿ. ಆರ್-134ಎ ಗ್ಯಾಸಿನ ಎಸಿ ಕಂಪ್ರೆಸರ್‌ನ ಎಣ್ಣೆ ಗಾಳಿಯ ತೇವವನ್ನು ಕುಡಿಯುತ್ತದೆ, ನಮ್ಮ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ.

ನಾಲ್ಕನೆಯದು: ಲೋಹದ ಪೈಪು

ಮೊದಲು ಸಿದ್ಧ ಬಾಗಿನ ಹೋಸ್ ಹುಡುಕಿ. ತಂತಿಯನ್ನು ಅಂಗಡಿಗೆ ಒಯ್ದು ಜೀಪು, ವ್ಯಾನು, ಟೆಂಪೋಗಳ ಹೋಸ್ ಪಕ್ಕದಲ್ಲಿ ಹಿಡಿಯಿರಿ. ಯಾವುದೋ ಒಂದರ ಬಾಗು ಮುಕ್ಕಾಲು ಹೊಂದುತ್ತದೆ, ಬೇಡದ್ದನ್ನು ಕತ್ತರಿಸಿದರಾಯಿತು. ಮೈತುಂಬ ಸುರುಳಿ ಮಡಿಕೆಯಿರುವ, ಎತ್ತ ಬೇಕಾದರೂ ಬಗ್ಗುವ ಹೋಸ್ ಅಂಗಡಿಯಲ್ಲಿ ಕಣ್ಣಿಗೆ ಬೀಳುತ್ತದೆ. ರಸ್ತೆಯಲ್ಲಿ ಕೆಟ್ಟು ನಿಂತಾಗ ಮನೆ ಮುಟ್ಟಿಸಲು ಅದು ಒಳ್ಳೆಯದು, ಶಾಶ್ವತಕ್ಕಲ್ಲ. ಒಳಗಿನ ಮಡಿಕೆಗಳು ನೀರಿನ ಓಟ ತಡೆಯುತ್ತವೆ, ಹೊರಗಿನ ಮಡಿಕೆಗಳು ಮೊದಲು ಬಿರಿಯುತ್ತವೆ.

ನಡುವಿನ ಪೈಪಿಗೆ ಸ್ಟೇನ್‌ಲೆಸ್ ಸ್ಟೀಲ್ ತಗೊಳ್ಳಿ. ಮೆಟ್ಟಿಲಿನ ರೇಲಿಂಗ್ ಮಾಡುವವರ ಬಳಿ ಒಂದೂಕಾಲು ಇಂಚು ಮತ್ತು ಒಂದೂವರೆ ಇಂಚಿನ ಪೈಪು ಇರುತ್ತದೆ. ಅದೆಂದರೆ 31.75 ಮತ್ತು 38.1 ಮಿ.ಮೀ., ನಮ್ಮ ಹೋಸ್‌ಗೆ ಹೇಳಿ ಮಾಡಿಸಿದ ಅಳತೆ. ಆದರೆ ಗ್ರೇಡ್ ಕೇಳಿ ತಗೊಳ್ಳಿ. ರೇಲಿಂಗ್‌ಗೆ 202 ಬಹಳ ಓಡುತ್ತದೆ, ನೋಡಲು 304ರಂತೆಯೇ ಹೊಳೆಯುತ್ತದೆ, ಕಡಲ ಗಾಳಿಗೆ ಬೇಗ ಕಂದುಚುಕ್ಕೆ ಬೀಳುತ್ತದೆ. ಬೇಕಾದ್ದು 304, ಗೋಡೆಯ ದಪ್ಪ 1.2ರಿಂದ 1.5 ಮಿ.ಮೀ. ಬಾಗು ಬೇಕಿದ್ದರೆ ರೇಲಿಂಗ್ ಎಲ್ಬೋ ಬೇಡ, ಅದರ ಒಳತಿರುವು ತೀರ ಚೂಪು. ಹಾಲಿನ ಘಟಕಗಳ ಪೈಪಿಗೆ ಬಳಸುವ ಡೈರಿ ಬೆಂಡ್ ಕೇಳಿ, ಅದು ನಿಧಾನ ತಿರುಗುತ್ತದೆ. ಜೋಡಣೆಯೆಲ್ಲ ಆರ್ಗಾನ್ ವೆಲ್ಡಿಂಗ್.

ಪೈಪಿನ ಎರಡೂ ತುದಿಗೆ ಏಣು ಬೇಕೇ ಬೇಕು. ನುಣುಪು ಪೈಪಿನ ಮೇಲೆ ಹೋಸ್ ಎಷ್ಟು ಬಿಗಿದರೂ ಒತ್ತಡ ಬಂದಾಗ ಜಾರಿ ಕಳಚುತ್ತದೆ, ಅದೂ ಘಾಟಿಯ ನಡುವಿನಲ್ಲಿ. ತುದಿಯಿಂದ ಮೂರು ನಾಲ್ಕು ಮಿ.ಮೀ. ಬಿಟ್ಟು ಸುತ್ತಲೂ ಒಂದು ಸಣ್ಣ ವೆಲ್ಡ್ ಗೆರೆ ಓಡಿಸಿ, ಒಂದೂವರೆ ಎರಡು ಮಿ.ಮೀ. ಎತ್ತರ ಉಳಿಯುವಂತೆ ಅರದಿಂದ ದುಂಡಗೆ ಮಾಡಿ. ಬೆರಳು ಸವರಿದರೆ ಎಲ್ಲೂ ಚುಚ್ಚಬಾರದು.

ಪೈಪನ್ನು ಪಿ-ಕ್ಲಾಂಪಿನಿಂದ ಎಂಜಿನ್‌ಗೆ ಬಿಗಿಯಿರಿ, ಬಾಡಿಗಲ್ಲ. ಆಗ ಅದು ಎಂಜಿನ್ ಜೊತೆ ಅಲುಗುತ್ತದೆ, ರೇಡಿಯೇಟರ್ ಕಡೆಯ ಕೊನೆಯ ರಬ್ಬರ್ ತುಂಡು ಆ ಅಲುಗಾಟವನ್ನು ನುಂಗುತ್ತದೆ. ಆ ತುಂಡಿನಲ್ಲಿ ಎರಡು ಲೋಹದ ತುದಿಗಳ ನಡುವೆ ಕನಿಷ್ಠ 50 ಮಿ.ಮೀ. ಬರೀ ರಬ್ಬರ್ ಇರಲಿ, ಸ್ವಲ್ಪ ಬಾಗು ಇದ್ದರೆ ಇನ್ನೂ ಒಳ್ಳೆಯದು. ಪೈಪು ನೇರವಾಗಿ ರೇಡಿಯೇಟರ್ ಮೂತಿಯವರೆಗೆ ಬಂದು ಬೆರಳಗಲದ ರಬ್ಬರ್ ಮಾತ್ರ ಉಳಿದಿದ್ದರೆ, ಎಂಜಿನ್ನಿನ ನಡುಕವೆಲ್ಲ ಹಿತ್ತಾಳೆಯ ಮೂತಿಯ ಬೆಸುಗೆಗೆ ಬಡಿದು ಕೆಲವೇ ತಿಂಗಳಲ್ಲಿ ಅಲ್ಲಿ ಬಿರುಕು ಬರುತ್ತದೆ. ರೇಡಿಯೇಟರ್ ಸೋರುತ್ತದೆಂದು ಮತ್ತೆ ಮತ್ತೆ ಟಾಂಕಾ ಹಾಕಿಸುವವರು ಒಮ್ಮೆ ಈ ಜಾಗ ನೋಡಿಕೊಳ್ಳಿ.

ಕೆಳಗಿನ ಹೋಸ್ ಬೇರೆಯೇ ಪ್ರಾಣಿ

ಮೇಲಿನ ಹೋಸ್‌ನೊಳಗೆ ಒತ್ತಡವಿರುತ್ತದೆ, ಕೆಳಗಿನದನ್ನು ವಾಟರ್ ಪಂಪ್ ಎಳೆಯುತ್ತದೆ. ಎಂಜಿನ್ ವೇಗ ಏರಿದಾಗ ಮೆತ್ತಗಿನ ಹೋಸ್ ಒಳಕ್ಕೆ ಚಪ್ಪಟೆಯಾಗಿ ನೀರು ನಿಲ್ಲುತ್ತದೆ. ಗಾಡಿ ನಿಂತಾಗ ಕಾಯುವುದಿಲ್ಲ, ಹೆದ್ದಾರಿಯಲ್ಲಿ 80 ದಾಟಿದಾಗ ಕಾಯುತ್ತದೆ ಎಂದರೆ ಮೊದಲ ಅನುಮಾನ ಇದರ ಮೇಲಿರಲಿ. ಗಟ್ಟಿ ಹೋಸ್ ಹಾಕಿ, ಉದ್ದ ಹೆಚ್ಚಿದ್ದರೆ ಒಳಗೆ ಸ್ಟೇನ್‌ಲೆಸ್ ಸ್ಪ್ರಿಂಗ್ ಇಡಿ. ಮಾಮೂಲಿ ಕಬ್ಬಿಣದ ಸ್ಪ್ರಿಂಗ್ ತುಕ್ಕು ಹಿಡಿದು ಮುರಿದು ಪಂಪ್ ರೆಕ್ಕೆಗೆ ಸಿಗುತ್ತದೆ. ಕಂಪ್ರೆಸರ್ ಕೆಳಗೆ ಕೂತಿದ್ದರೆ ಕ್ರ್ಯಾಂಕ್ ಪುಲ್ಲಿ, ಕಂಪ್ರೆಸರ್ ಬೆಲ್ಟ್, ಹೋಸ್ ಮೂರೂ ಒಂದೇ ಮೂಲೆಗೆ ಬರುತ್ತವೆ. ಇಲ್ಲಿ ರಬ್ಬರನ್ನು ನಂಬದೆ ಲೋಹದ ಪೈಪನ್ನೇ ಆ ಮೂಲೆಯಲ್ಲಿ ಹಾಯಿಸುವುದು ಲೇಸು.

ಕ್ಲಿಪ್ ಬಿಗಿಯುವುದು

ಹೋಸ್ ತುದಿಗೆ ಟೇಪ್ ಸುತ್ತಿ, ಟೇಪಿನ ಅಂಚು ಹಿಡಿದು ಸಾಬೂನು ನೀರು ಹಚ್ಚಿದ ಹೊಸ ಬ್ಲೇಡಿನಿಂದ ಕತ್ತರಿಸಿದರೆ ಓರೆಯಾಗುವುದಿಲ್ಲ. ಮೂತಿಯ ಮೇಲೆ 25ರಿಂದ 30 ಮಿ.ಮೀ. ಒಳಹೋಗಬೇಕು. ಏರಿಸಲು ಕೂಲಂಟ್ ಹಚ್ಚಿ. ಎಣ್ಣೆ, ಗ್ರೀಸ್ ತಾಗಿಸಲೇಬಾರದು, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಕ್ಲಿಪ್ ಕೂರಬೇಕಾದ್ದು ಏಣಿನ ಮೇಲಲ್ಲ, ಅದರ ಹಿಂದೆ, ಹೋಸ್ ತುದಿಯಿಂದ ನಾಲ್ಕೈದು ಮಿ.ಮೀ. ಬಿಟ್ಟು. ಟಾರ್ಕ್ 3ರಿಂದ 5 ನ್ಯೂಟನ್ ಮೀಟರ್. ಕೈಯಂದಾಜಿನಲ್ಲಾದರೆ ರಬ್ಬರ್ ಪಟ್ಟಿಯ ಅಂಚಿನಲ್ಲಿ ಸ್ವಲ್ಪ ಉಬ್ಬಿ ನಿಲ್ಲುವಷ್ಟು, ಪಟ್ಟಿಯ ತೂತುಗಳೊಳಗೆ ರಬ್ಬರ್ ಹಿಂಡಿ ಬರುವಷ್ಟಲ್ಲ.

ಕ್ಲಿಪ್ ಕೊಳ್ಳುವಾಗ ಸ್ಕ್ರೂ ನೋಡಿ. ಪಟ್ಟಿ ಸ್ಟೇನ್‌ಲೆಸ್ ಇದ್ದು ಸ್ಕ್ರೂ ಮಾತ್ರ ಮಾಮೂಲಿ ಉಕ್ಕಿನದ್ದಿರುವ ಕ್ಲಿಪ್‌ಗಳು ಬಹಳ. ಒಂದು ಮಳೆಗಾಲ ಕಳೆದರೆ ಆ ಸ್ಕ್ರೂ ತಲೆ ತುಕ್ಕಿನ ಹರಳಾಗುತ್ತದೆ, ಬಿಚ್ಚಲು ಹೋದರೆ ಸ್ಕ್ರೂಡ್ರೈವರ್ ಕೂರುವ ಸೀಳು ಕಿತ್ತು ಬರುತ್ತದೆ. ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ: ಸ್ಕ್ರೂ ಟಕ್ಕೆಂದು ಅಂಟಿದರೆ ಬೇಡ, ಸುಮ್ಮನೆ ಎಳೆದಂತಾದರೆ ಪರವಾಗಿಲ್ಲ. ಮಲ್ಪೆಯಲ್ಲಿ, ಮಂಗಳೂರಿನ ಬಂದರ್ ಧಕ್ಕೆ ಕಡೆ ಬೋಟಿನ ಸಾಮಾನು ಮಾರುವಲ್ಲಿ ಪೂರ್ತಿ ಸ್ಟೇನ್‌ಲೆಸ್ ಕ್ಲಿಪ್ ಕೇಳಿ, ಉಪ್ಪುನೀರಿನ ಕಾಟ ಏನೆಂದು ಅವರಿಗೆ ಗೊತ್ತು. ಬಣ್ಣದ ಸಿಲಿಕಾನ್ ಹೋಸ್ ಹಾಕುವವರು ಒಳಗೆ ಪಟ್ಟಿಯಿರುವ ಕ್ಲಿಪ್ಪನ್ನೇ ಬಳಸಬೇಕು, ತೂತಿನ ಪಟ್ಟಿ ಸಿಲಿಕಾನನ್ನು ಕೊಯ್ಯುತ್ತದೆ.

ನೀರು ತುಂಬಿ ಪರೀಕ್ಷೆ

ಬಾವಿ ನೀರು ಬೇಡ. ಕಡಲ ಬದಿಯ ಬಾವಿಯಲ್ಲಿ ಉಪ್ಪು, ಮುರಕಲ್ಲಿನ ಊರಿನ ನೀರಿನಲ್ಲಿ ಕಬ್ಬಿಣ, ಎರಡೂ ಅಲ್ಯೂಮಿನಿಯಂ ಹೆಡ್ಡಿಗೆ ಶತ್ರು. ಡಿಸ್ಟಿಲ್ಡ್ ವಾಟರ್‌ಗೆ ಡಬ್ಬಿಯಲ್ಲಿ ಹೇಳಿದ ಪ್ರಮಾಣದಲ್ಲಿ ಕೂಲಂಟ್ ಸೇರಿಸಿ. ನಮಗೆ ಹಿಮದ ಭಯವಿಲ್ಲ, ಆದರೂ ತುಕ್ಕು ತಡೆಯಲು ಕೂಲಂಟ್ ಬೇಕೇ ಬೇಕು.

ಗಾಡಿಯ ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರ್ ವಾಲ್ವ್ ತೆರೆದು, ನಿಧಾನ ಸುರಿಯಿರಿ. ಎಷ್ಟೇ ಮಾಡಿದರೂ ಮೇಲಿನ ಹೋಸ್ ರೇಡಿಯೇಟರ್ ಟ್ಯಾಂಕಿಗಿಂತ ಎತ್ತರವಾಗಿಬಿಟ್ಟಿದ್ದರೆ, ಆ ಎತ್ತರದ ಜಾಗದ ಲೋಹದ ಪೈಪಿಗೆ ಒಂದು ಗಾಳಿ ಬಿಡುವ ಸ್ಕ್ರೂ ಕೂರಿಸಬೇಕು. ಅಲ್ಲಿಂದ ಗುಳ್ಳೆ ನಿಂತು ಬರೀ ನೀರು ಬರುವ ತನಕ ಮುಚ್ಚಬೇಡಿ.

ಕ್ಯಾಪ್ ವಿಷಯದಲ್ಲಿ ಎಚ್ಚರ. 0.9 ಬಾರ್ ಕ್ಯಾಪ್ ನೀರು ಕುದಿಯುವ ಮಟ್ಟವನ್ನು ಹತ್ತಿರ ಹತ್ತಿರ 118 ಡಿಗ್ರಿಗೆ ಏರಿಸುತ್ತದೆ, ಎಸಿ ಗಾಡಿಗೆ ಅದು ಒಳ್ಳೆಯದೇ. ಆದರೆ ಕಡಿಮೆ ಒತ್ತಡಕ್ಕೆಂದು ಮಾಡಿದ ಹಳೆ ಹಿತ್ತಾಳೆ ರೇಡಿಯೇಟರ್‌ಗೆ ಅದನ್ನು ಹಾಕಿದರೆ ಟ್ಯಾಂಕಿನ ಬೆಸುಗೆ ಬಿಡುತ್ತದೆ. ಹೊಸ ಕೋರ್ ಹಾಕಿಸಿ, ಪರೀಕ್ಷೆ ಮಾಡಿಸಿ, ಆಮೇಲೆ ಆ ಕ್ಯಾಪ್. ತಣ್ಣಗಿರುವಾಗಲೇ ಕೈಪಂಪಿನಿಂದ ಕ್ಯಾಪಿನಷ್ಟು ಒತ್ತಡ ಕೊಟ್ಟು 15 ನಿಮಿಷ ಬಿಡಿ. ಪಂಪಿನ ಒತ್ತಡದ ಮುಳ್ಳು ಇಳಿದರೆ ಟಾರ್ಚ್ ಹಿಡಿದು ಪ್ರತಿ ಕ್ಲಿಪ್ಪಿನಡಿ ಒಣ ಕಾಗದ ಸವರಿ ನೋಡಿ.

ಥರ್ಮೋಸ್ಟಾಟ್ ಕಿತ್ತೆಸೆದು ಬಿಸಿ ಇಳಿಸುವ ಉಪಾಯ ಯಾರಾದರೂ ಹೇಳಿದರೆ ಒಪ್ಪಬೇಡಿ. ಎಂಜಿನ್ ಸರಿಯಾಗಿ ಕಾಯದೆ ಓಡಿ ಸವೆಯುತ್ತದೆ, ಹೋಸ್‌ನ ತಪ್ಪು ಹಾಗೆಯೇ ಉಳಿಯುತ್ತದೆ.

ಈಗ ಎಂಜಿನ್ ಓಡಿಸಿ, ಬಾನೆಟ್ ಮುಚ್ಚಿ, ಎಸಿ ಪೂರ್ತಿ ಇಟ್ಟು ಅರ್ಧ ಗಂಟೆ ನಿಲ್ಲಿಸಿ. ಮುಳ್ಳು ಒಂದು ಕಡೆ ನಿಂತಿತೇ, ಎಲೆಕ್ಟ್ರಿಕ್ ಫ್ಯಾನ್ ಬಂದು ಹೋಗಿ ಮಾಡುತ್ತಿದೆಯೇ ನೋಡಿ. ಆಮೇಲೆ ಬಾನೆಟ್ ತೆರೆದು, ಒಬ್ಬರು 3000 ಆರ್‌ಪಿಎಂ ಹಿಡಿದಿರಲಿ, ಇನ್ನೊಬ್ಬರು ದೂರದಿಂದ ಕೆಳಗಿನ ಹೋಸ್ ಚಪ್ಪಟೆಯಾಗುತ್ತದೆಯೇ ಎಂದು ಕಣ್ಣಲ್ಲೇ ನೋಡಲಿ. ಫ್ಯಾನ್ ಬಳಿ ಕೈ ಬೇಡ, ಬಿಸಿಯಿದ್ದಾಗ ಕ್ಯಾಪ್ ಮುಟ್ಟಬೇಡಿ.

ರಸ್ತೆ ಪರೀಕ್ಷೆಗೆ ಮೊದಲು ಉಡುಪಿಯಿಂದ ಮಣಿಪಾಲದ ಏರು, ಮಂಗಳೂರಿನವರಿಗೆ ಕದ್ರಿ ಗುಡ್ಡ. ಅದರಲ್ಲಿ ಸರಿ ಎನಿಸಿದ ಮೇಲಷ್ಟೇ ಸೋಮೇಶ್ವರದಿಂದ ಆಗುಂಬೆಯ 14 ತಿರುವುಗಳಿಗೆ ಎಸಿ ಹಾಕಿಕೊಂಡು ಹತ್ತಿಸಿ. ಮೇಲೆ ತಲುಪಿ ನಿಲ್ಲಿಸಿದಾಗ ಒಂದು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ರೇಡಿಯೇಟರ್‌ನ ಎರಡೂ ಮೂತಿ ಅಳೆಯಿರಿ. ಎಂಜಿನ್ ಓಡುತ್ತಿರುವಾಗ ಮೇಲು ಕೆಳಗಿನ ವ್ಯತ್ಯಾಸ 15 ಡಿಗ್ರಿಗಿಂತ ಬಹಳ ಹೆಚ್ಚಿದ್ದರೆ ನೀರಿನ ಓಟ ಎಲ್ಲೋ ಕಟ್ಟಿದೆ. ಹೋಸ್‌ನ ಮಡಿಕೆಯನ್ನೋ ಕೋರ್‌ನ ಕಸವನ್ನೋ ಹುಡುಕಿ.

ಮೊದಲ ಸಲ ಕಾದು ಪೂರ್ತಿ ತಣಿದ ಮೇಲೆ ಎಲ್ಲ ಕ್ಲಿಪ್ಪುಗಳನ್ನು ಮತ್ತೊಮ್ಮೆ ಬಿಗಿಯಿರಿ, ಬಳಿಕ ನೂರು ಕಿಲೋಮೀಟರ್ ಓಡಿದಾಗ ಒಂದು ಸಲ, ಐನೂರು ಓಡಿದಾಗ ಇನ್ನೊಂದು ಸಲ. ಎಂಜಿನ್ ಮತ್ತು ಬಾಡಿ ನಡುವಿನ ಅರ್ತ್ ಪಟ್ಟಿ ಹೊಸದು ಹಾಕಿ. ಅದು ಸಡಿಲವಿದ್ದರೆ ಕರೆಂಟ್ ಕೂಲಂಟ್ ಮೂಲಕ ದಾರಿ ಹುಡುಕಿ ಹೋಸ್‌ನ್ನು ಒಳಗಿನಿಂದ ಸೀಳುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ತಣ್ಣಗಿನ ಕೂಲಂಟಿನೊಳಗೆ ಇಟ್ಟರೆ 0.1 ವೋಲ್ಟ್ ಒಳಗಿರಬೇಕು. ಪ್ರತಿ ವರ್ಷ ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಹೋಸ್‌ನ ತುದಿಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ: ಒಳಗೆ ಚರಚರ ಎಂದರೆ, ಅಥವಾ ಹೆಗ್ಗಣ ಕಡಿದ ಗುರುತು ಕಂಡರೆ, ಆ ತುಂಡು ಅವತ್ತೇ ಬದಲಿಸಿ.